ನೂರು ಕಾರ್ಡಿನ ಲೆಕ್ಕ

ಮಲೆನಾಡಿನ ಹಳೆಯ ಮನೆಗಳಲ್ಲಿ ಲಗ್ನಪತ್ರಿಕೆಗಳನ್ನು ಅಷ್ಟು ಸುಲಭವಾಗಿ ಬಿಸಾಡುವುದಿಲ್ಲ. ಅರಿಶಿನ ಹಚ್ಚಿದ ಕಾಗದವನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಯಾವುದೋ ಡಬ್ಬಿಯಲ್ಲೋ ಪೆಟ್ಟಿಗೆಯಲ್ಲೋ ಕಟ್ಟಿಟ್ಟಿರುತ್ತಾರೆ. ಅಂಥ ಒಂದು ಕಟ್ಟು ಕೈಗೆ ಸಿಕ್ಕರೆ ಓದುವ ಮೊದಲು ಬೆರಳಾಡಿಸಿ ನೋಡಿ. 1960, 70ರ ಪತ್ರಿಕೆಗಳಲ್ಲಿ ಅಕ್ಷರ ಕಾಗದದೊಳಕ್ಕೆ ಇಳಿದಿರುತ್ತದೆ, ಹಿಂಬದಿಯಲ್ಲೂ ಅದರ ಉಬ್ಬು ಸಿಗುತ್ತದೆ. ಅದು ಸೀಸದ ಮೊಳೆಗಳ ಅಚ್ಚು. 1980, 90ರ ಪತ್ರಿಕೆಗಳಲ್ಲಿ ಅಕ್ಷರ ಕಾಗದದ ಮೇಲೆ ಎದ್ದು ಕೂತಿರುತ್ತದೆ. ಚಿನ್ನದ ಬಣ್ಣವೋ ಕೆಂಪೋ, ಬಣ್ಣದ ದಪ್ಪವೇ ಬೆರಳಿಗೆ ತಾಗುತ್ತದೆ. ಅದು ಸ್ಕ್ರೀನ್ ಪ್ರಿಂಟಿಂಗ್. ಆಮೇಲಿನವುಗಳಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ. ಇನ್ನೂ ಈಚಿನವು ಪೆಟ್ಟಿಗೆಯಲ್ಲೇ ಇರುವುದಿಲ್ಲ, ಫೋನಿಗೆ ಬಂದು ಫೋನಿನಲ್ಲೇ ಅಳಿಸಿಹೋಗಿರುತ್ತವೆ.

ನಾನು ಹೇಳಹೊರಟಿರುವುದು ಆ ಎದ್ದು ಕೂತ ಅಕ್ಷರಗಳ ಕಾಲದ ಬಗ್ಗೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದಂಥ ಊರುಗಳ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಹತ್ತಡಿ ಅಗಲದ ಕೋಣೆಯೊಳಗೆ ನಡೆಯುತ್ತಿದ್ದ, ಕೆಲವೆಡೆ ಈಗಲೂ ನಡೆಯುತ್ತಿರುವ ಸಣ್ಣ ಅಂಗಡಿಗಳ ಬಗ್ಗೆ. ಇವುಗಳ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ಆದರೆ ಕಾಫಿ ಸೀಮೆಯ ಕಳೆದ ಐವತ್ತು ವರ್ಷದಲ್ಲಿ ಯಾರ ಕೈಯಲ್ಲಿ ಯಾವಾಗ ದುಡ್ಡಿತ್ತು ಎಂಬುದನ್ನು ಈ ಅಂಗಡಿಗಳ ಆರ್ಡರ್ ಪುಸ್ತಕದಷ್ಟು ನಿಖರವಾಗಿ ಬೇರೆ ಯಾವುದೂ ಹೇಳಲಾರದೇನೋ.

ಕೆಲಸದ ರೀತಿ ಗೊತ್ತಾದರೆ ವ್ಯಾಪಾರದ ಕಷ್ಟ ಅರ್ಥವಾಗುತ್ತದೆ. ಮರದ ಚೌಕಟ್ಟಿಗೆ ತೆಳುವಾದ ನೈಲಾನ್ ಬಟ್ಟೆಯನ್ನು ತಮಟೆಯ ಹಾಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಬೆಳಕು ಬಿದ್ದರೆ ಗಟ್ಟಿಯಾಗುವ ಎಮಲ್ಷನ್ನನ್ನು ಅದರ ಮೇಲೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅಕ್ಷರಗಳನ್ನು ಕಪ್ಪಾಗಿ ಮೂಡಿಸಿದ ಪಾರದರ್ಶಕ ಹಾಳೆಯನ್ನು ಒತ್ತಿ ಹಿಡಿದು ಬೆಳಕು ಕೊಟ್ಟರೆ, ಬೆಳಕು ತಾಗಿದ ಕಡೆ ಬಟ್ಟೆಯ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಅಕ್ಷರದ ನೆರಳಿದ್ದ ಕಡೆ ಮಾತ್ರ ಎಮಲ್ಷನ್ ನೀರಿನಲ್ಲಿ ತೊಳೆದುಹೋಗುತ್ತದೆ. ಆಮೇಲೆ ಬಣ್ಣ ಸುರಿದು ರಬ್ಬರಿನ ಸ್ಕ್ವೀಜಿಯಿಂದ ಎಳೆದರೆ, ತೆರೆದ ಕಣ್ಣುಗಳಿಂದ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಬಣ್ಣ ಎರಡಾದರೆ ಸ್ಕ್ರೀನೂ ಎರಡು.

ಇಲ್ಲಿ ಖರ್ಚೆಲ್ಲ ಮೊದಲ ಪ್ರತಿಗೆ. ಬರೀ ಲೆಕ್ಕಕ್ಕೆಂದು, ಸ್ಕ್ರೀನ್ ಸಿದ್ಧಪಡಿಸಲು 300 ರೂಪಾಯಿ, ಆಮೇಲೆ ಕಾರ್ಡೊಂದಕ್ಕೆ ಬಣ್ಣ ಮತ್ತು ಕೂಲಿ ಸೇರಿ 1 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಕಾರ್ಡು ಬೇಕೆಂದವರಿಗೆ 301 ರೂಪಾಯಿ ಬೀಳುತ್ತದೆ. 300 ಕಾರ್ಡಿಗೆ ತಲಾ 2 ರೂಪಾಯಿ. 3000 ಕಾರ್ಡಾದರೆ ತಲಾ 1 ರೂಪಾಯಿ 10 ಪೈಸೆ. ಆದರೆ 3000 ಎಳೆಯುವ ಹೊತ್ತಿಗೆ ರಟ್ಟೆ ಬಿದ್ದುಹೋಗಿರುತ್ತದೆ. ಆಫ್‌ಸೆಟ್ ಯಂತ್ರಕ್ಕೆ ಅದು ಒಂದು ಗಂಟೆಯ ಕೆಲಸ. ಹೀಗೆ ಒಂದಕ್ಕೂ ಮೂರು ಸಾವಿರಕ್ಕೂ ನಡುವೆ, ನೂರು, ಇನ್ನೂರು, ಐನೂರರ ಜಾಗದಲ್ಲಿ ಈ ಅಂಗಡಿ ಬದುಕಬೇಕು. ಅದರ ಇಡೀ ಚರಿತ್ರೆ ಆ ಜಾಗ ಅಗಲವಾದ, ಕಿರಿದಾದ ಚರಿತ್ರೆ.

ಕತ್ತರಿಸಿದ ತಗಡು ಅಥವಾ ಕಾಗದದ ಮೂಲಕ ಬಣ್ಣ ಬಳಿಯುವುದು ಹಳೆಯ ವಿದ್ಯೆ. ಹಲಸಿನ ಹಣ್ಣಿನ ಕಾಲದಲ್ಲಿ ನಾವು ಅದರ ಮೇಣವನ್ನು ಬಳಸುವಂತೆ ಜಪಾನಿನವರು ಒಂದು ಜಾತಿಯ ಹಣ್ಣಿನ ಒಗರು ರಸ ಬಳಿದು ಕಾಗದವನ್ನು ಗಟ್ಟಿ ಮಾಡಿ, ಅದರಲ್ಲಿ ಚಿತ್ತಾರ ಕೊರೆದು ಬಟ್ಟೆಗೆ ಬಣ್ಣ ಕೊಡುತ್ತಿದ್ದರು. ಚೌಕಟ್ಟಿಗೆ ರೇಷ್ಮೆ ಬಿಗಿದು ಅಚ್ಚು ಹಾಕುವ ಕ್ರಮಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ 1907ರಲ್ಲಿ ಪೇಟೆಂಟ್ ಪಡೆದ. ರೇಷ್ಮೆಯ ನಾಡಾದ ಕರ್ನಾಟಕಕ್ಕೆ ಈ ವಿದ್ಯೆ ತಲುಪಿ ಊರೂರಿಗೆ ಹರಡುವ ಹೊತ್ತಿಗೆ ರೇಷ್ಮೆಯ ಜಾಗಕ್ಕೆ ನೈಲಾನ್ ಬಂದಾಗಿತ್ತು ಎಂಬುದು ಬೇರೆ ಮಾತು.

ಕನ್ನಡಕ್ಕೆ ಇದು ಒದಗಿಬಂದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ನಮ್ಮ ಲಿಪಿ. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಕೈಯಿಂದ ಬರೆದದ್ದು ಹಾಗೆಯೇ ಅಚ್ಚಾಗುತ್ತದೆ, ಮೊಳೆಗಳ ತಂಟೆ ಇಲ್ಲ. ಮೊಳೆ ಅಚ್ಚಿಗೆ ಬಂದರೆ ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಗೂಡುಗಳ ಪೆಟ್ಟಿಗೆ ಬೇಕು. ಸಣ್ಣ ಊರಿನ ಟ್ರೆಡಲ್ ಪ್ರೆಸ್ಸಿನವನು ಒಂದೆರಡು ಅಳತೆಯ ಮೊಳೆ ಇಟ್ಟುಕೊಂಡರೆ ಅದೇ ಹೆಚ್ಚು. ಹಾಗಾಗಿ ಮದುವೆಗೂ ತಿಥಿಗೂ ಹರಾಜು ನೋಟೀಸಿಗೂ ಒಂದೇ ಮುಖದ ಅಕ್ಷರ. ಸ್ಕ್ರೀನ್ ಬಂದಮೇಲೆ ಈ ಬಡತನ ತೀರಿತು. ಬೋರ್ಡ್ ಬರೆಯುವ ಕಲಾವಿದ ಬಟರ್ ಪೇಪರಿನ ಮೇಲೆ ಕಪ್ಪು ಇಂಕಿನಲ್ಲಿ ಬಳ್ಳಿಯ ಹಾಗೆ ಬಳುಕುವ ‘ಶ್ರೀ’ ಬರೆದರೆ ಅದೇ ಅಚ್ಚಾಗುತ್ತದೆ. ಅಕ್ಷರ ಚೆನ್ನಾಗಿರುವ ಯಾವ ಹುಡುಗನಾದರೂ ಪ್ರೆಸ್ ಇಡಬಹುದಾಯಿತು. ಬಂಡವಾಳವೆಂದರೆ ಒಂದು ಮೇಜು, ನಾಲ್ಕು ಚೌಕಟ್ಟು, ಟ್ಯೂಬ್‌ಲೈಟು. ಅಚ್ಚುಮನೆಯ ಯಂತ್ರಕ್ಕೆ ಬೇಕಾದ ಸಾಲ ಇದಕ್ಕೆ ಬೇಡ.

ಚಿಕ್ಕಮಗಳೂರಿನ ಗೋಡೆಗಳು ಅತಿ ಹೆಚ್ಚು ಬಣ್ಣ ಕುಡಿದ ವರ್ಷ ಬಹುಶಃ 1978. ಆ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ವಿರುದ್ಧ ನಿಂತು ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಪಕ್ಷ ಒಡೆದು ಹಸು-ಕರುವಿನ ಗುರುತು ಹೋಗಿ ಹಸ್ತ ಬಂದು ವರ್ಷವೂ ಆಗಿರಲಿಲ್ಲ. ಹೊಸ ಗುರುತನ್ನು ತೋಟದ ಲೈನ್ ಮನೆಗಳವರೆಗೆ ಮುಟ್ಟಿಸಬೇಕಿತ್ತು. ಟಿವಿ ಇಲ್ಲದ ಕಾಲದಲ್ಲಿ ಗೋಡೆ, ಬಟ್ಟೆ ಬ್ಯಾನರು, ಪೋಸ್ಟರುಗಳೇ ಅದಕ್ಕೆ ದಾರಿ. ಮುಂದಿನ ಇಪ್ಪತ್ತು ವರ್ಷ ಸಣ್ಣ ಅಂಗಡಿಗಳಿಗೆ ಚುನಾವಣೆ ಎಂದರೆ ಸುಗ್ಗಿ. ಜೊತೆಗೆ ತಲೆನೋವೂ ಹೌದು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕನ ಹೆಸರು ವಿಳಾಸ ಇರಲೇಬೇಕು, ಪ್ರಕಾಶಕನಿಂದ ಸಹಿ ಮಾಡಿದ ಘೋಷಣೆ ಪಡೆದು ಪ್ರತಿಯೊಂದಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಕೈಯಿಂದ ನಕಲು ಮಾಡುವುದೊಂದನ್ನು ಬಿಟ್ಟು ಪ್ರತಿ ಹೆಚ್ಚಿಸುವ ಯಾವ ವಿಧಾನವಾದರೂ ಮುದ್ರಣವೇ ಎಂದು ಅದೇ ಕಲಮು ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹತ್ತಡಿ ಕೋಣೆಯ ಹುಡುಗ ಕಾನೂನಿನ ಕಣ್ಣಿನಲ್ಲಿ ದೊಡ್ಡ ಅಚ್ಚುಕೂಟದ ಮಾಲೀಕನಿಗೆ ಸಮ!

ಚುನಾವಣೆ ಐದು ವರ್ಷಕ್ಕೊಮ್ಮೆ. ವರ್ಷವರ್ಷದ ಅನ್ನ ಕಾಫಿಯ ಕೈಯಲ್ಲಿತ್ತು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗಿ ರೊಬಸ್ಟಾ ಮುಗಿಯುವಾಗ ಮಾರ್ಚ್. ಹಣ ಕೈಗೆ ಬಂದಮೇಲೆ ಏಪ್ರಿಲ್, ಮೇ ತಿಂಗಳ ಮದುವೆ, ಗೃಹಪ್ರವೇಶ, ಜಾತ್ರೆ, ಹರಕೆಯ ಯಕ್ಷಗಾನ. ವರ್ಷದ ಬಹುಪಾಲು ದುಡಿಮೆ ಆ ಕೆಲವೇ ವಾರಗಳಲ್ಲಿ. ಶಿವಕಾಶಿಯಿಂದಲೋ ಮುಂಬೈಯಿಂದಲೋ ಬಂದ ಖಾಲಿ ಕಾರ್ಡುಗಳ ಆಲ್ಬಮ್ ಮುಂದಿಟ್ಟುಕೊಂಡು ಎರಡು ಮನೆಯ ಹಿರಿಯರು ಗಂಟೆಗಟ್ಟಲೆ ಕೂರುತ್ತಿದ್ದರು. 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಡಿದು ಕಾಫಿ ಬೆಲೆ ಏರಿದಾಗ ಇಲ್ಲಿ ಕಾರುಗಳ ಜೊತೆಗೆ ಕಾರ್ಡುಗಳ ದಪ್ಪವೂ ಏರಿತು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ಆಲ್ಬಮ್ಮಿನ ಕೊನೆಯ ಪುಟದ ಅಗ್ಗದ ಕಾರ್ಡಿಗೆ ಬೆರಳು ಹೋಗತೊಡಗಿತು. ಅದಕ್ಕಿಂತ ಕಷ್ಟವೆಂದರೆ ಉದ್ರಿ. ‘ಕಾಫಿ ಕೊಟ್ಟಮೇಲೆ ಕೊಡ್ತೀನಿ’ ಎಂಬ ಮಾತಿಗೆ ಇಲ್ಲವೆನ್ನಲಾಗದು. ಬಣ್ಣ ಕೊಡುವ ಬೆಂಗಳೂರು, ಮಂಗಳೂರಿನ ಅಂಗಡಿಯವನು ಆ ಮಾತನ್ನು ಒಪ್ಪುವುದಿಲ್ಲ.

ಜೂನ್ ಬಂತೆಂದರೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ಸೀಮೆ ಇದು. ಬಿಡಿಸಿಟ್ಟ ಕಾರ್ಡು ತೇವ ಎಳೆದುಕೊಂಡು ಸುರುಳಿಯಾಗುತ್ತದೆ, ಎಮಲ್ಷನ್ ಒಣಗುವುದಿಲ್ಲ, ಸರಿಯಾಗಿ ಒಣಗದ ಸ್ಕ್ರೀನು ತೊಳೆಯುವಾಗ ಅಕ್ಷರದ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ಕರೆಂಟು ಇದ್ದರೆ ಇದೆ. ಬಯಲುಸೀಮೆಯಲ್ಲಿ ಬಿಸಿಲಿಗೆ ಹರವಿದರೆ ಮುಗಿಯುವ ಕೆಲಸಕ್ಕೆ ಕಳಸದಲ್ಲಿ ಬಲ್ಬು, ಫ್ಯಾನು, ಕೆಂಡ ಎಲ್ಲವೂ ಬೇಕು. ಜಿಲ್ಲಾ ಕೇಂದ್ರದಿಂದ ಕಳಸ 90 ಕಿಲೋಮೀಟರಿನಷ್ಟು ದೂರ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಮಂಗಳೂರಿನ ಕಡೆಯಿಂದ ಬರುವ ಸರಕಿನ ದಾರಿಯೂ ಮುಚ್ಚಿತು. ಈ ದೂರವೇ ಒಂದು ಕಾಲದಲ್ಲಿ ಅಂಗಡಿಯನ್ನು ಕಾಪಾಡಿದ್ದು ಕೂಡ. ಇನ್ನೂರು ಕಾರ್ಡಿಗೆಂದು ಯಾರು ಬೆಂಗಳೂರಿಗೆ ಹೋಗುತ್ತಾರೆ?

ಜಾಗ ಕಿರಿದಾಗತೊಡಗಿದ್ದು ಎರಡೂ ಕಡೆಯಿಂದ. ಕಂಪ್ಯೂಟರ್ ಬಂದಾಗ ಮೊದಲು ಅನುಕೂಲವೇ ಆಯಿತು. ಶ್ರೀಲಿಪಿ, ಬರಹ, ನುಡಿ ತಂತ್ರಾಂಶಗಳಲ್ಲಿ ಅಕ್ಷರ ಜೋಡಿಸಿ ಲೇಸರ್ ಪ್ರಿಂಟ್ ತೆಗೆದರೆ ಹಾಳೆ ಸಿದ್ಧ. ಆದರೆ ಕೈಬರಹದ ‘ಶ್ರೀ’ ಹೋಯಿತು. ಮೂಡಿಗೆರೆಯ ಕಾರ್ಡಿಗೂ ಮಂಡ್ಯದ ಕಾರ್ಡಿಗೂ ಅಕ್ಷರ ಒಂದೇ ಆಯಿತು, ಆಗ ಮೂಡಿಗೆರೆಯಲ್ಲೇ ಮಾಡಿಸಬೇಕೆಂಬ ಕಾರಣವೂ ಒಂದು ಕಡಿಮೆಯಾಯಿತು. (ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡ ತೇಜಸ್ವಿ ಇದ್ದದ್ದು ಇದೇ ಮೂಡಿಗೆರೆಯಲ್ಲಿ.) ಮೇಲಿನಿಂದ ಬಹುವರ್ಣದ ಆಫ್‌ಸೆಟ್ ಅಗ್ಗವಾಗುತ್ತ ಐನೂರಕ್ಕೆ ಇಳಿಯಿತು. ಕೆಳಗಿನಿಂದ ಡಿಜಿಟಲ್ ಯಂತ್ರ ಒಂದೇ ಪ್ರತಿಯನ್ನೂ ಕೊಡತೊಡಗಿತು. ಬಟ್ಟೆ ಬ್ಯಾನರನ್ನು ಫ್ಲೆಕ್ಸ್ ನುಂಗಿತು. ಫ್ಲೆಕ್ಸಿನಲ್ಲಿ ಊರಿನ ಪ್ರತಿಯೊಬ್ಬ ಯುವ ಮುಖಂಡನ ಫೋಟೋ ಬರುತ್ತದಲ್ಲ, ಸ್ಕ್ರೀನಿನಲ್ಲಿ ಅದೆಲ್ಲಿ ಸಾಧ್ಯ.

2016ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿ ಆದೇಶ ಹೊರಡಿಸಿದಾಗ ಸ್ಕ್ರೀನಿನವರಿಗೆ ಆಸೆ ಮೂಡಿದ್ದು ಸಹಜ. ಫ್ಲೆಕ್ಸ್ ಹೋಗಲಿಲ್ಲ ಎಂಬುದನ್ನು ಯಾವ ಸರ್ಕಲ್ಲಿನಲ್ಲಿ ನಿಂತರೂ ಕಾಣಬಹುದು. ಆದರೆ ಬಟ್ಟೆಯ ಕೈಚೀಲ ಬಂತು, ಅದರ ಮೇಲೆ ಅಂಗಡಿಯ ಹೆಸರು ಬಂತು, ಅಷ್ಟು ಕೆಲಸ ಉಳಿಯಿತು. 2017ರಲ್ಲಿ ಜಿಎಸ್‌ಟಿ ಬಂದಮೇಲೆ ಇನ್ನೊಂದು ಗೋಜಲು. ಆ ಅಕ್ಟೋಬರಿನ ಸುತ್ತೋಲೆಯ ಪ್ರಕಾರ ಗಿರಾಕಿ ಕೊಟ್ಟ ವಿಷಯವನ್ನು ಮುದ್ರಕ ತನ್ನ ಕಾಗದದಲ್ಲಿ ಕರಪತ್ರವಾಗಿ ಅಚ್ಚು ಮಾಡಿದರೆ ಅದು ಸೇವೆ, ಲಕೋಟೆಯನ್ನೋ ಡಬ್ಬವನ್ನೋ ಅಚ್ಚು ಮಾಡಿ ಕೊಟ್ಟರೆ ಅದು ಸರಕು. ನೋಂದಣಿಯ ಮಿತಿಗಿಂತ ಬಹಳ ಕೆಳಗಿರುವ ಅಂಗಡಿಗೆ ತೆರಿಗೆಯ ಭಯವಿಲ್ಲ, ನಿಜ. ಆದರೆ ಬಿಲ್ ಕೇಳುವ ಎಸ್ಟೇಟು, ಶಾಲೆ, ಸೊಸೈಟಿಗಳು ನೋಂದಣಿ ಇರುವ ದೊಡ್ಡ ಪ್ರೆಸ್ಸಿನ ಕಡೆ ತಿರುಗಿದರೆ ಅವರನ್ನು ಬೈಯುವಂತಿಲ್ಲ. 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಸರಿಯಾಗಿ ಮದುವೆ ಸುಗ್ಗಿಯ ಬಾಗಿಲಿಗೇ ಬಂತು. ಐವತ್ತು ಜನರ ಮದುವೆಗೆ ಕಾರ್ಡು ಯಾಕೆ? ವಾಟ್ಸಾಪಿನಲ್ಲಿ ಕರೆದರೂ ಮರ್ಯಾದೆಗೆ ಕುಂದಿಲ್ಲ ಎಂದು ಆ ವರ್ಷ ಜನ ಕಲಿತದ್ದನ್ನು ಆಮೇಲೆ ಮರೆಯಲಿಲ್ಲ.

ಹಾಗಾದರೆ ಕೆಲವು ಅಂಗಡಿಗಳು ಹೇಗೆ ಉಳಿದವು? ನನ್ನ ತಿಳಿವಳಿಕೆಯಂತೆ ಕಾಫಿಯ ಇನ್ನೊಂದು ಚರಿತ್ರೆಯಿಂದ. 1942ರ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದ್ದನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಅರ್ಧ ಶತಮಾನ ಅವನ ತೋಟದ ಹೆಸರು ಗೋಣಿಚೀಲದಾಚೆ ಹೋಗಲಿಲ್ಲ. ರಫ್ತಿನ ಚೀಲದ ಮೇಲೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತಿನಲ್ಲಿ ಭಾರತಕ್ಕೆ ಸಿಕ್ಕ ಅಂಕಿ 14, ಕುಡಿಯುವವನಿಗೆ ಅಷ್ಟೇ ಪರಿಚಯ. 1992ರಿಂದ ಈ ಕಟ್ಟು ಸಡಿಲವಾಗುತ್ತ 1996ಕ್ಕೆ ಎಲ್ಲ ಬೆಳೆಗಾರರೂ ಪೂರ್ತಿ ಸ್ವತಂತ್ರರಾದರು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಹೋಮ್‌ಸ್ಟೇಗಳು ಬಂದವು. ನಾಲ್ಕು ಎಕರೆಯವನೂ ತನ್ನ ಕಾಫಿಯನ್ನು ಹುರಿದು ಪುಡಿ ಮಾಡಿಸಿ ತನ್ನ ಹೆಸರಿನಲ್ಲಿ ಮಾರಬಹುದಾಯಿತು. ಹೆಸರೆಂದರೆ ಕವರು, ಕವರೆಂದರೆ ಅಚ್ಚು. ಕವರು ತಯಾರಿಸುವ ದೊಡ್ಡ ಕಾರ್ಖಾನೆಗಳು ಬಣ್ಣಕ್ಕೊಂದು ಲೋಹದ ಸಿಲಿಂಡರ್ ಕೆತ್ತಿಸಬೇಕು, ಆದ್ದರಿಂದ ಸಾವಿರಾರು ಕವರುಗಳ ಕೆಳಗಿನ ಆರ್ಡರಿನತ್ತ ಕಣ್ಣು ಹಾಯಿಸುವುದಿಲ್ಲ. ಮುಚ್ಚಿಹೋಗುತ್ತಿದ್ದ ನೂರು-ಇನ್ನೂರರ ಜಾಗ ಇಲ್ಲಿ ಮತ್ತೆ ಬಾಯಿ ತೆರೆಯಿತು. ಅಂಟಿಸುವ ಡಿಜಿಟಲ್ ಲೇಬಲ್ಲಿನ ಪೈಪೋಟಿ ಇಲ್ಲೂ ಇದೆ, ಅದಿಲ್ಲದ ಕಡೆ ಯಾವುದಿದೆ ಈಗ.

ಒಂದು ಮಳೆಗಾಲದಲ್ಲಿ ಮೂಡಿಗೆರೆಯ ಅಂಥ ಅಂಗಡಿಯೊಂದರಲ್ಲಿ ಕೂತಿದ್ದೆ. ಕೆಸರುಗದ್ದೆ ಓಟದ ಟೀಶರ್ಟುಗಳು ಹಗ್ಗಕ್ಕೆ ನೇತುಬಿದ್ದಿದ್ದವು, ಕೆಳಗೆ ಹೀಟರು. ಕೊಡೆ ಮಡಿಸುತ್ತ ಒಳಬಂದ ಹೆಂಗಸೊಬ್ಬರು ಚೀಲದಿಂದ ಕಂದು ಬಣ್ಣದ ಖಾಲಿ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

‘ಅಣ್ಣ, ಇದ್ರ ಮೇಲೆ ನಮ್ಮ ತೋಟದ ಹೆಸರು ಬರ್ಬೇಕು. ಕೆಳಗೆ ಚಿಕೋರಿ ಇಲ್ಲ ಅಂತ.’

‘ಎಷ್ಟು ಬೇಕಮ್ಮ?’

‘ಈಗ ನೂರು ಸಾಕು. ಖರ್ಚಾದ್ರೆ ನೋಡಣ.’

ಆತ ಕವರನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಮ್ಮೆ ಕೆರೆದು ನೋಡಿ, ‘ಮಳೆ ಸ್ವಲ್ಪ ಬಿಡ್ಲಿ, ಸೋಮವಾರ ಬನ್ನಿ’ ಎಂದ.