ಮನೋರಮೆಯ ತಾಯಿ

1883ರಲ್ಲಿ ಆಕ್ಸ್‌ಫರ್ಡಿನ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮ್ಯೂಲರ್ ಅವರ ಮನೆಗೆ 25 ವರ್ಷದ ಹೆಂಗಸೊಬ್ಬರು ಅತಿಥಿಯಾಗಿ ಬಂದರು. ರಾತ್ರಿ ಒಬ್ಬರೇ ಮಲಗಲು ಅವರಿಂದ ಆಗುತ್ತಿರಲಿಲ್ಲ. ನರಗಳು ಅಷ್ಟು ಸೋತುಹೋಗಿದ್ದವು, ಅದೇ ಕೋಣೆಯಲ್ಲಿ ಪ್ರತಿ ರಾತ್ರಿ ಮನೆಯ ಸೇವಕಿಯೊಬ್ಬಳನ್ನು ಮಲಗಿಸಬೇಕಾಯಿತು ಎಂದು ಮ್ಯೂಲರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಐದು ವರ್ಷದ ಹಿಂದೆ ಕಲ್ಕತ್ತೆಯ ಪಂಡಿತರ ಸಭೆಯಲ್ಲಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡಿ 'ಸರಸ್ವತಿ' ಎಂಬ ಬಿರುದು ಪಡೆದಿದ್ದವರು ಇವರೇ. ಪಂಡಿತಾ ರಮಾಬಾಯಿ.

ಸುಧಾರಕರ ಪಟ್ಟಿಯಲ್ಲಿ ಅವರ ಹೆಸರು ತಪ್ಪದೆ ಬರುತ್ತದೆ. ಮತಾಂತರದ ಜಗಳದಲ್ಲೂ ಬರುತ್ತದೆ. ಆದರೆ 23ನೆಯ ವಯಸ್ಸಿನಿಂದ ಸಾಯುವವರೆಗೆ ಅವರು ಇನ್ನೊಂದು ಪಾತ್ರವನ್ನೂ ನಿಭಾಯಿಸಿದರು, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಅವರು ಒಂದು ಹೆಣ್ಣು ಮಗುವನ್ನು ಒಬ್ಬರೇ ಬೆಳೆಸಿದ ತಾಯಿ.

ಅವರು ಹುಟ್ಟಿದ್ದು ನಮ್ಮ ಘಟ್ಟದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ವಿರೋಧ ಕಟ್ಟಿಕೊಂಡ ಮನುಷ್ಯ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಮನೆ ಮಾಡಿದರು. ಅಲ್ಲೇ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು. ಮಗುವಿಗೆ ಕೆಲವು ತಿಂಗಳಾಗುವಷ್ಟರಲ್ಲಿ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿದ್ದರಂತೆ. ಆಮೇಲೆ ನಿಂತ ನೀರಿನಂಥ ಬದುಕು ಅವರದ್ದಾಗಲೇ ಇಲ್ಲ. ಊರೂರಲ್ಲಿ ಪುರಾಣ ಓದುತ್ತಾ ನಡೆದರು. ಮರಾಠಿ ಮನೆಯ ಮಾತು, ಕನ್ನಡ, ಹಿಂದೂಸ್ತಾನಿ, ಬಂಗಾಳಿ ದಾರಿಯಲ್ಲಿ ಸಿಕ್ಕಿದವು. 1870ರ ದಶಕದ ಬರಗಾಲದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಅಪ್ಪ, ಅಮ್ಮ, ಅಕ್ಕ ಹಸಿವಿನಿಂದ ಸತ್ತರು. 1880ರಲ್ಲಿ ಅಣ್ಣ ಶ್ರೀನಿವಾಸ ಹೋದ. ಅದೇ ವರ್ಷ ರಮಾಬಾಯಿ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧ್ವಿಯವರನ್ನು ಮದುವೆಯಾದರು. ಜಾತಿ ಮೀರಿದ ಮದುವೆ, ಭಾಷೆ ಮೀರಿದ ಮದುವೆ. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಮನಸ್ಸಿಗೆ ಸಂತೋಷ ಕೊಡುವವಳು ಎಂದು ಮನೋರಮಾ ಎಂಬ ಹೆಸರಿಟ್ಟರು. ಕರೆಯುವುದು ಮನೋ. ಮಗುವಿಗೆ ಹತ್ತು ತಿಂಗಳು ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಬಿಪಿನ್ ಕಾಲರಾದಿಂದ ತೀರಿಕೊಂಡರು.

ಅಂದಿನ ವಿಧವೆ ತಾಯಿಗೆ ಕಾನೂನು ಏನು ಕೊಟ್ಟಿತ್ತು? 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಅದರ ಎರಡನೆಯ ಮತ್ತು ಮೂರನೆಯ ಕಲಂಗಳನ್ನು ಓದಿದರೆ ಎದೆ ತಣ್ಣಗಾಗುತ್ತದೆ. ಮರುಮದುವೆಯಾದ ಹೆಂಗಸಿಗೆ ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತಿತ್ತು. ಮಕ್ಕಳ ಪಾಲಕರು ಯಾರೆಂದು ಗಂಡ ಉಯಿಲಿನಲ್ಲಿ ಬರೆದಿಡದೆ ಹೋಗಿದ್ದರೆ, ಅವನ ಕಡೆಯ ನೆಂಟರು ಕೋರ್ಟಿಗೆ ಅರ್ಜಿ ಹಾಕಿ ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸಿ ಎಂದು ಕೇಳಬಹುದಿತ್ತು. ಗಂಡ ಬೇಕಾದರೆ ಮಗುವನ್ನು ಪಣಕ್ಕಿಡು ಎಂಬಂತೆ. ಮದುವೆಯಾಗದೆ ಬಸಿರಾದ ವಿಧವೆಯರ ಪಾಡು ಕಾಯ್ದೆಯ ಹೊರಗೇ ಉಳಿಯಿತು. ಅವರಿಗಾಗಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ 1863ರಲ್ಲಿ ಶಿಶುಹತ್ಯೆ ತಡೆಯುವ ಮನೆ ತೆರೆದರು. ಅಲ್ಲಿಗೆ ಬಂದ ಕಾಶೀಬಾಯಿ ಎಂಬ ವಿಧವೆಯ ಮಗ ಯಶವಂತನನ್ನು ದಂಪತಿ ತಾವೇ ದತ್ತು ತೆಗೆದುಕೊಂಡರು, ಅವನು ಮುಂದೆ ಡಾಕ್ಟರಾದ.

ಇಂಥ ಪುಣೆಗೆ 1882ರಲ್ಲಿ ರಮಾಬಾಯಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದರು. ಬಂದ ಕೆಲವೇ ತಿಂಗಳಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ವೈದ್ಯರು ಬೇಕು ಎಂದು ಸಾಕ್ಷ್ಯ ಹೇಳಿದರು, 'ಸ್ತ್ರೀಧರ್ಮನೀತಿ' ಬರೆದರು. ಆ ಪುಸ್ತಕದ ದುಡ್ಡಿನಲ್ಲೇ ಮರುವರ್ಷ ವೈದ್ಯಕೀಯ ಕಲಿಯಲು ಇಂಗ್ಲೆಂಡಿನ ಹಡಗು ಹತ್ತಿದರು. ಜೊತೆಗೆ ಮನೋ, ಗೆಳತಿ ಆನಂದಿಬಾಯಿ ಭಗತ್. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠ ಅವರಿಗೆ ಆಸರೆ ಕೊಟ್ಟಿತು. ಬದಲಿಗೆ ರಮಾಬಾಯಿ ಪುಣೆಗೆ ಹೊರಡಲಿದ್ದ ಸನ್ಯಾಸಿನಿಯರಿಗೆ ಮರಾಠಿ ಕಲಿಸಬೇಕು.

ಹೋಗಿ ಕೆಲವೇ ತಿಂಗಳಲ್ಲಿ ಆನಂದಿಬಾಯಿ ಭಗತ್ ತಮ್ಮ ಜೀವ ತಾವೇ ತೆಗೆದುಕೊಂಡರು. ಬಲವಂತವಾಗಿ ಮತಾಂತರ ಮಾಡಿಬಿಡುತ್ತಾರೆ ಎಂಬ ಭಯ ಅವರನ್ನು ಹಿಡಿದಿತ್ತು ಎನ್ನುತ್ತಾರೆ ಮ್ಯೂಲರ್. ಪರದೇಶದಲ್ಲಿ ತನ್ನ ಭಾಷೆಯ ಒಂದೇ ಒಂದು ದೊಡ್ಡ ಜೀವ ಹಾಗೆ ಹೋದಾಗ ರಮಾಬಾಯಿಗೆ ಏನಾಯಿತೋ ಅದೇ ಆಕ್ಸ್‌ಫರ್ಡಿನ ಆ ರಾತ್ರಿಗಳು. ಕಿವಿಯೂ ಮಂದವಾಗುತ್ತಾ ಬಂತು, ವೈದ್ಯಳಾಗುವ ಆಸೆಯನ್ನು ಅದೇ ಮುಗಿಸಿತು. ಆ ಸ್ಥಿತಿಗೆ ಇವತ್ತಿನ ಡಾಕ್ಟರು ಯಾವ ಹೆಸರು ಕೊಡುತ್ತಿದ್ದರೋ, ನೂರನಲವತ್ತು ವರ್ಷದ ಆಚೆಯಿಂದ ಚೀಟಿ ಬರೆಯುವ ಕೆಲಸ ಬೇಡ. ಹಾಸಿಗೆಯ ಪಕ್ಕದಲ್ಲಿ ಇನ್ನೊಂದು ಜೀವ ಬೇಕಿತ್ತು ಎಂಬುದಷ್ಟು ಸಾಕು. ಅದೇ ಸೆಪ್ಟೆಂಬರ್ ಕೊನೆಯಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡವರು ಮಠದಲ್ಲೂ ಇದ್ದರು. ಆದರೆ ನನಗೆ ರಮಾಬಾಯಿ ನಿಜವಾಗಿ ಕಾಣಿಸುವುದು ಆಮೇಲಿನ ಪತ್ರಗಳಲ್ಲಿ. ಅವರ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಇಬ್ಬರ ಪತ್ರಗಳನ್ನೂ ಜೋಪಾನವಾಗಿ ಕೂಡಿಟ್ಟರು, 1977ರಲ್ಲಿ ಅವು ಅಚ್ಚಾದವು. ಜೆರಾಲ್ಡಿನ್ ಕೆಟ್ಟವರಲ್ಲ. ಮನೋಳನ್ನು ಪ್ರಾಣದಂತೆ ನೋಡಿಕೊಂಡವರು, ಮನೋ ಅವರನ್ನು 'ಆಜೀಬಾಯಿ' ಎಂದೇ ಕರೆಯುತ್ತಿದ್ದಳು. ಜಗಳ ಅದಕ್ಕಿಂತ ಆಳದಲ್ಲಿತ್ತು. ಅನ್ನ ಕೊಟ್ಟವರು, ಸೂರು ಕೊಟ್ಟವರು, ಮಗು ಏನು ನಂಬಬೇಕು, ಯಾರ ಹಾಗೆ ಬೆಳೆಯಬೇಕು ಎಂಬುದನ್ನೂ ತಾವೇ ತೀರ್ಮಾನಿಸಬಹುದೆಂದುಕೊಂಡಿದ್ದರು. ತಾನೇ ಒಪ್ಪದ ಸಿದ್ಧಾಂತವನ್ನು ಮಗಳ ಬಾಯಲ್ಲಿ ಹೇಳಿಸಬೇಡಿ ಎಂದು ರಮಾಬಾಯಿ ಹಟ ಹಿಡಿದರು. ಮಗಳು ತನ್ನ ದೇಶದವರಿಗೆ ಪರಕೀಯಳಾಗಿ ಬೆಳೆಯಬಾರದು ಎಂದರು. ತಾಯಿ ಮಗಳಿಬ್ಬರೂ ಮಾಂಸ ಮುಟ್ಟಲಿಲ್ಲ. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಇಬ್ಬರು ಬಿಷಪ್ಪರು ಅಡ್ಡ ಬಂದರು, ಅದಕ್ಕೂ ರಮಾಬಾಯಿ ಸುಮ್ಮನಿರಲಿಲ್ಲ. ನಿನ್ನದು ಅಹಂಕಾರ ಎಂದು ಪತ್ರದಲ್ಲಿ ಬೈಗುಳ ಬಂತು. ಉಪಕಾರ ಮಾಡಿದವರ ಮುಂದೆ ತಲೆಯೆತ್ತಿ ಮಾತಾಡಿದ ಒಂಟಿ ಹೆಂಗಸಿಗೆ ಈ ಮಾತು ಯಾವ ಊರಲ್ಲೂ ಬಾರದೆ ಇರುವುದಿಲ್ಲ.

ಆದರೂ ಅದೇ ತಾಯಿ ಮಗಳನ್ನು ದೂರ ಕಳಿಸಿದರು. 1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಸಮಾರಂಭಕ್ಕೆ ಫಿಲಡೆಲ್ಫಿಯಾಗೆ ಹೋದಾಗ ಮನೋ ಜೊತೆಗಿದ್ದಳು. ಆಮೇಲೆ ಅಮೆರಿಕದಲ್ಲೇ ಉಳಿದು ವಿಧವೆಯರ ಶಾಲೆಗೆ ಹಣ ಎತ್ತಬೇಕೆಂದು ನಿರ್ಧಾರವಾಯಿತು. ಊರಿಂದೂರಿಗೆ ರೈಲು, ದಿನ ಬೆಳಗಾದರೆ ಭಾಷಣ. ಐದು ವರ್ಷದ ಮಗುವನ್ನು ಮತ್ತೆ ವಾಂಟೇಜಿನ ಮಠಕ್ಕೇ, ಯಾರೊಡನೆ ಅಷ್ಟು ಜಗಳವಾಡಿದ್ದರೋ ಅವರ ಮಡಿಲಿಗೇ, ಕಳಿಸಿಕೊಟ್ಟರು. ಎರಡು ವರ್ಷಕ್ಕೂ ಮಿಕ್ಕಿ ಅಗಲಿಕೆ. 1887ರಲ್ಲಿ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕ ಬಂತು, ತಾಯಿ ಲಕ್ಷ್ಮೀಬಾಯಿಗೆ ಅರ್ಪಣೆ. ಬಾಸ್ಟನ್ನಿನಲ್ಲಿ ಸಂಘ ಕಟ್ಟಿ ಹತ್ತು ವರ್ಷ ನೆರವಿನ ಮಾತು ಪಡೆದರು. ಗಂಡಸೊಬ್ಬ ದೇಶಸೇವೆಗೆ ಮಕ್ಕಳನ್ನು ಬಿಟ್ಟು ಹೋದರೆ ತ್ಯಾಗ ಎನ್ನುತ್ತೇವೆ. ಹೆಂಗಸು ಬಿಟ್ಟರೆ ಮೊದಲು ಕೇಳುವುದು ಮಗುವಿನ ಗತಿ ಏನು ಎಂದು. ನಾನೂ ಹಾಗೆ ಕೇಳಿಕೊಂಡೇ ಆ ಪತ್ರಗಳನ್ನು ಓದಿದ್ದು, ಸಮಾಧಾನವಾಗುವ ಉತ್ತರವೇನೂ ಸಿಗಲಿಲ್ಲ.

1889ರ ಮಾರ್ಚ್ 11ರಂದು ಮುಂಬೈಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ, ಮುಂದೆ ಧೋಂಡೊ ಕೇಶವ ಕರ್ವೆಯವರ ಹೆಂಡತಿ. ಓದು, ಹೊಲಿಗೆ, ತೋಟ, ಅಮೆರಿಕದಲ್ಲಿ ಕಲಿತ ಶಿಶುವಿಹಾರದ ಪಾಠ. ಅವರವರ ಜಾತಿಯ ಕಟ್ಟಳೆಯಂತೆ ಅವರವರ ಊಟ. ಮನೋ ತಾಯಿಯ ಬಳಿ ಮರಳಿ ಈ ಹೆಂಗಸರ ನಡುವೆ ಬೆಳೆದಳು. ಸದನದಲ್ಲಿ ಧರ್ಮಬೋಧನೆ ಇಲ್ಲವೆಂಬ ಮಾತಿತ್ತು. ಆದರೆ ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆಗೆ ಕೂರುತ್ತಿದ್ದರು, ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕೂತರು. 1893ರಲ್ಲಿ ಅದೇ ದೊಡ್ಡ ಗಲಾಟೆಯಾಗಿ, ರಾನಡೆ, ಭಂಡಾರ್ಕರ್ ಅವರಂಥವರು ಸಲಹಾ ಮಂಡಳಿ ಬಿಟ್ಟರು, ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಕೊಟ್ಟ ಮಾತನ್ನು ನಂಬಿ ಹುಡುಗಿಯರನ್ನು ಕಳಿಸಿದವರ ಸಿಟ್ಟಿಗೆ ಕಾರಣವಿರಲಿಲ್ಲ ಎನ್ನಲಾಗದು. ಆದರೆ ವಾಂಟೇಜಿನಲ್ಲಿ ಕೇಳಿದ್ದ ಪ್ರಶ್ನೆಯೇ ಪುಣೆಯಲ್ಲೂ ಎದುರಾಗಿತ್ತು. ಹಣ ಅಥವಾ ಹೆಸರು ಕೊಟ್ಟವರು ಒಬ್ಬ ತಾಯಿಯ ಕೋಣೆಯ ಬಾಗಿಲಿಗೂ ಬಂದು ನಿಂತರು.

ಇಷ್ಟನ್ನೂ ಖಿನ್ನತೆಯ ಚರಿತ್ರೆಯಾಗಿ ಓದಬೇಕು ಎಂದು ನನಗೆ ಅನ್ನಿಸಿದ್ದು ಇಂಗ್ಲೆಂಡಿನದೇ ಇನ್ನೊಂದು ಕೆಲಸದಿಂದ. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ನೂರಾರು ಹೆಂಗಸರ ಮನೆಗೆ ಹೋಗಿ ಗಂಟೆಗಟ್ಟಲೆ ಮಾತಾಡಿ 1978ರಲ್ಲಿ ಪುಸ್ತಕ ತಂದರು. ಖಿನ್ನತೆ ತಲೆಯೊಳಗೆ ಮಾತ್ರ ಹುಟ್ಟುವುದಿಲ್ಲ, ಬದುಕಿನ ಏಟುಗಳಿಂದಲೂ ಹುಟ್ಟುತ್ತದೆ, ಆ ಏಟು ಯಾರನ್ನು ಕೆಡವುತ್ತದೆ ಎಂಬುದು ಕೆಲವು ಸಂಗತಿಗಳ ಮೇಲೆ ನಿಂತಿದೆ ಎಂದರು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲದಿರುವುದು, ಮನೆಯ ಹೊರಗೆ ಕೆಲಸವಿಲ್ಲದಿರುವುದು, ಮೂರು ಅಥವಾ ಹೆಚ್ಚು ಸಣ್ಣ ಮಕ್ಕಳು, 11 ವರ್ಷಕ್ಕೆ ಮುಂಚೆ ತಾಯಿಯನ್ನು ಕಳೆದುಕೊಂಡಿರುವುದು. ಆಮೇಲೆ ಉತ್ತರ ಲಂಡನ್ನಿನ ಇಸ್ಲಿಂಗ್ಟನ್ನಿನ ತಾಯಂದಿರನ್ನು ಮಾತಾಡಿಸಿದಾಗ ಒಂಟಿ ತಾಯಂದಿರಲ್ಲಿ ಖಿನ್ನತೆ ಶುರುವಾಗುವ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡಿತು. ಪೂರ್ತಿ ದಿನ ದುಡಿಯುವವರು ಅವರಲ್ಲೇ ಹೆಚ್ಚು, ಕೈಯಲ್ಲಿ ಕಾಸಿಲ್ಲದವರೂ ಅವರಲ್ಲೇ ಹೆಚ್ಚು. ಕಳೆದುಕೊಂಡ ದುಃಖಕ್ಕಿಂತ ಆ ದುಃಖದ ಜೊತೆ ಬರುವ ಅವಮಾನ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವೆಂಬ ಸ್ಥಿತಿ ಮನಸ್ಸನ್ನು ಹೆಚ್ಚು ಮುರಿಯುತ್ತದೆ ಎಂಬುದೂ ಅವರ ಅಧ್ಯಯನಗಳಿಂದಲೇ ಬಂದ ಮಾತು.

ರಮಾಬಾಯಿಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. 25ರೊಳಗೆ ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ ಐವರನ್ನೂ ಕಳೆದುಕೊಂಡಿದ್ದರು. ಆ ಸಾವುಗಳ ಬೆನ್ನಿಗೇ ಅವರು ಸಭೆ ಕಟ್ಟಿದರು, ಪುಸ್ತಕ ಬರೆದರು. ಬಿದ್ದದ್ದು ವಾಂಟೇಜಿನಲ್ಲಿ, ಗೆಳತಿ ಹೋದಾಗ, ಬೇರೆಯವರ ಅನ್ನದ ಋಣದಲ್ಲಿದ್ದಾಗ. ಎದ್ದದ್ದು ಪೂರ್ತಿ ವಿಶ್ರಾಂತಿಯಿಂದ ಎಂದು ಕಾಣುವುದಿಲ್ಲ. ಮಗಳ ವಿಷಯದಲ್ಲಿ ಕೊನೆಯ ಮಾತು ತನ್ನದು ಎಂದು ಜಗಳವಾಡುತ್ತಾ, ಸ್ವಂತ ಕೆಲಸ ಹುಡುಕುತ್ತಾ, ಆಮೇಲೆ ತನ್ನಂಥವರಿಂದಲೇ ಒಂದು ಮನೆ ತುಂಬಿಸುತ್ತಾ ಎದ್ದರು. ಹ್ಯಾರಿಸ್ ಮತ್ತು ಬ್ರೌನ್ ಮುಂದೆ ಇನ್ನೊಂದು ಪ್ರಯೋಗ ಮಾಡಿದರು, 1999ರಲ್ಲಿ ಪ್ರಕಟವಾಯಿತು. ಬಹುಕಾಲದಿಂದ ಖಿನ್ನತೆಯಲ್ಲಿದ್ದ ಲಂಡನ್ನಿನ ಹೆಂಗಸರಿಗೆ ಒಬ್ಬೊಬ್ಬ ಸ್ವಯಂಸೇವಕಿಯನ್ನು ಗೊತ್ತು ಮಾಡಿದರು. ವಾರಕ್ಕೊಮ್ಮೆ ಹೋಗುವುದು, ಮಾತಾಡುವುದು, ಜೊತೆಗೆ ಹೊರಗೆ ಸುತ್ತುವುದು, ಇಷ್ಟೇ. ವರ್ಷದ ಕೊನೆಗೆ ಗೆಳತಿ ಸಿಕ್ಕವರಲ್ಲಿ ನೂರಕ್ಕೆ 65 ಮಂದಿ ಚೇತರಿಸಿಕೊಂಡಿದ್ದರು, ಸಿಗದವರಲ್ಲಿ 39. ಆಕ್ಸ್‌ಫರ್ಡಿನಲ್ಲಿ ಪಕ್ಕದಲ್ಲಿ ಮಲಗುತ್ತಿದ್ದ ಆ ಸೇವಕಿಯ ಹೆಸರನ್ನು ಮ್ಯೂಲರ್ ಬರೆದಿಟ್ಟಿದ್ದರೆ ಚೆನ್ನಾಗಿತ್ತು.

ಮಗುವಿನ ಮೇಲಿನ ಹಕ್ಕಿನ ಜಗಳ ಕೋರ್ಟುಗಳಲ್ಲಿ ಇನ್ನೂ ಒಂದು ಶತಮಾನ ಎಳೆಯಿತು. ತಂದೆ ಬದುಕಿದ್ದರೂ ತಾಯಿ ಸಹಜ ಪಾಲಕಿಯಾಗಬಲ್ಲಳು ಎಂದು ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪಾಲಕಿಯಾಗಲು ಅರ್ಜಿ ಹಾಕಬಹುದು ಎಂದದ್ದು 2015ರಲ್ಲಿ.

1896ರ ಬರಗಾಲದ ಹೊತ್ತಿಗೆ ರಮಾಬಾಯಿ ಪುಣೆಯ ಹತ್ತಿರದ ಕೇಡಗಾಂವ್‌ಗೆ ನೂರಾರು ಹುಡುಗಿಯರನ್ನು ಕರೆತಂದರು, 1900ರ ಬರದ ನಂತರ ಅಲ್ಲಿ ಎರಡು ಸಾವಿರದಷ್ಟು ಜನ. ಹಸಿವು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೋರಮಾಬಾಯಿ ಹೊರದೇಶದಲ್ಲಿ ಓದಿ ಬಂದು ತಾಯಿಯ ಬಲಗೈಯಾದರು. ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರಗಿಯಲ್ಲಿ, 1910ರ ದಶಕದಲ್ಲಿ, ಶಾಲೆ ತೆರೆದಾಗ ಅದನ್ನು ನಡೆಸಿದವರು ಅವರೇ. ಗಂಗಾಮೂಲದಿಂದ ಪೆಟ್ಟಿಗೆಯಲ್ಲಿ ಹೊರಟವರ ಮಗಳು ಕನ್ನಡ ನಾಡಿಗೆ ಹಾಗೆ ಬಂದರು. ಮದುವೆಯಾಗಲಿಲ್ಲ. ತನ್ನದೆಂಬ ಬದುಕು ಅವರಿಗೆ ಎಷ್ಟು ಸಿಕ್ಕಿತೋ, ತಾಯಿಯ ಕೆಲಸವೇ ಎಷ್ಟು ನುಂಗಿತೋ, ಪತ್ರಗಳ ಸಾಲುಗಳ ನಡುವೆ ಊಹಿಸಬೇಕು.

1921ರ ಜುಲೈ 24ರಂದು ಮನೋರಮಾಬಾಯಿ ತೀರಿಕೊಂಡರು. 40 ವರ್ಷ. ಆ ಹೊತ್ತಿಗೆ ರಮಾಬಾಯಿಗೆ ಕಿವಿ ಬಹುತೇಕ ಕೇಳುತ್ತಿರಲಿಲ್ಲ. ಹೆಂಗಸರಿಗೆ ಅರ್ಥವಾಗುವ ಮರಾಠಿಯಲ್ಲಿ ಬೈಬಲ್ ಬರೆಯುವ ಕೆಲಸ ವರ್ಷಗಳಿಂದ ನಡೆದಿತ್ತು, ಅದನ್ನು ನಿಲ್ಲಿಸಲಿಲ್ಲ. ಮಗಳು ಹೋದ ಎಂಟು ತಿಂಗಳಿಗೆ, 1922ರ ಏಪ್ರಿಲ್ 5ರಂದು, ಅವರೂ ಹೋದರು.