ಅನೇಕ್ ಕನ್ನಡ (ಅಕ್ಷರಶೈಲಿ)

'''ಅನೇಕ್ ಕನ್ನಡ'''ವು ಮುಂಬಯಿಯ ಏಕ್ ಟೈಪ್ ಸಂಸ್ಥೆಯು 2022ರಲ್ಲಿ ಮುಕ್ತ ಪರವಾನಗಿಯಡಿ ಹೊರತಂದ ಸ್ಯಾನ್ಸ್-ಸೆರಿಫ್ ಅಕ್ಷರಶೈಲಿ. ಹತ್ತು ಲಿಪಿಗಳ ಅನೇಕ್ ಕುಟುಂಬಕ್ಕೆ ಸೇರಿದ ಇದರ ವಿನ್ಯಾಸಕಿ ವೈಷ್ಣವಿ ಮೂರ್ತಿ.

== ವಿನ್ಯಾಸ ==
ಇದು ಅಗಲ ಮತ್ತು ದಪ್ಪ ಎರಡನ್ನೂ ಬದಲಿಸಬಲ್ಲ ವೇರಿಯಬಲ್ ಫಾಂಟ್. ಅಗಲದ ಮಾಪನದಲ್ಲಿ 100 ಸಾಮಾನ್ಯ ರೂಪ, 75 ಅತಿ ಕಿರಿದು, 125 ಅತಿ ಅಗಲ. ದಪ್ಪವನ್ನು 100ರಿಂದ 800ರವರೆಗೆ ಹೊಂದಿಸಬಹುದು.

== ಬಳಕೆ ==
ಶೀರ್ಷಿಕೆ, ಕೋಷ್ಟಕ, ನಕ್ಷೆ, ನಾಮಫಲಕಗಳಂತಹ ಇಕ್ಕಟ್ಟಾದ ಸ್ಥಳಗಳಿಗೆ ಕಿರಿದಾದ ರೂಪವು ಸೂಕ್ತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆಯಬೇಕಾದಾಗ ಇದು ಜಾಗ ಉಳಿಸುತ್ತದೆ. ಆದರೆ ಅಕ್ಷರವು ಕಿರಿದಾದಷ್ಟೂ ಅದರೊಳಗಿನ ಖಾಲಿ ಜಾಗವೂ ಕುಗ್ಗುತ್ತದೆ. ‘ಧ’ವನ್ನು ‘ದ’ದಿಂದ ಬೇರ್ಪಡಿಸುವುದು ಬುಡದ ಸಣ್ಣ ಸೀಳುಗೆರೆ ಮಾತ್ರ. ದಪ್ಪವಾದ ಕಿರಿದು ಅಕ್ಷರವನ್ನು ಸಣ್ಣ ಗಾತ್ರದಲ್ಲಿ ಮುದ್ರಿಸಿದರೆ ಆ ಗೆರೆ ಮಸುಕಾಗಿ, ‘ಮಧುಗಿರಿ’ಯು ‘ಮದುಗಿರಿ’ಯೆಂದು ಓದಿಸಿಕೊಳ್ಳಬಹುದು. ಆದುದರಿಂದ ಸಣ್ಣ ಗಾತ್ರಕ್ಕೆ ಸಾಮಾನ್ಯ ಅಗಲವೇ ಸುರಕ್ಷಿತ.