‘ಪ್ರಚಾರ’ವೆಂಬ ಶಬ್ದವೂ ಗಡಿನಾಡಿನ ಎಣಿಕೆಯೂ

‘ಪ್ರಚಾರ’ ಎಂದೊಡನೆ ಇಂದಿನ ವಿದ್ಯಾರ್ಥಿಗೆ ನೆನಪಾಗುವುದು ಚುನಾವಣೆಯ ಧ್ವನಿವರ್ಧಕ. ಶಬ್ದದ ಹಳೆಯ ಅರ್ಥ ಬೇರೆ. ‘ಚರ್’ ಧಾತುವಿಗೆ ನಡೆ, ಸಂಚರಿಸು ಎಂದರ್ಥ. ‘ಪ್ರ’ ಉಪಸರ್ಗ ಕೂಡಿದಾಗ ಸಂಚಾರ, ನಡವಳಿಕೆ, ಬಳಕೆಯಲ್ಲಿರುವಿಕೆ ಎಂಬ ಅರ್ಥಗಳು ಹುಟ್ಟಿದವು. ದನ ಮೇಯುವ ಬಯಲಿಗೂ ಸಂಸ್ಕೃತದಲ್ಲಿ ಇದೇ ಹೆಸರುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ‘ಅಧ್ಯಕ್ಷಪ್ರಚಾರ’. ಅದರಲ್ಲಿರುವುದು ಅಧ್ಯಕ್ಷರ ಕೆಲಸಕಾರ್ಯಗಳೇ ಹೊರತು ಅವರ ಜಾಹೀರಾತಲ್ಲ! ಒಂದು ಗಾದೆ ಸೀಮೆಯಲ್ಲಿ ಪ್ರಚಾರದಲ್ಲಿದೆ ಎಂದು ಹಿರಿಯರು ಬರೆದರೆ, ಅದು ಬಾಯಿಂದ ಬಾಯಿಗೆ ತಾನಾಗಿ ನಡೆಯುತ್ತಿದೆ ಎಂದಷ್ಟೇ ತಿಳಿಯಬೇಕು.

ಗಡಿನಾಡಿನ ನಮಗೆ ಇದು ಕೇವಲ ನಿಘಂಟಿನ ಕುತೂಹಲವಲ್ಲ. ಒಂದು ಪ್ರದೇಶದಲ್ಲಿ ಭಾಷೆಯ ಪ್ರಚಾರವನ್ನು ಅಳೆಯಬೇಕಾಗಿ ಬಂದಾಗಲೆಲ್ಲ ಕೈಗೆ ಬಂದದ್ದು ಮಾತೃಭಾಷೆಯ ತಲೆಯೆಣಿಕೆ. ಕಾಸರಗೋಡು ತಾಲೂಕನ್ನು ಇಡಿಯಾಗಿ ಎಣಿಸಿದರೆ ಮಲಯಾಳದವರೇ ಹೆಚ್ಚು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗವು ಆಗಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ.

ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು. ಮಂಜೇಶ್ವರದ ಕಡೆ ಆ ಮಾತು ತುಳುವಾಗಿರಬಹುದು, ಕೊಂಕಣಿಯಾಗಿರಬಹುದು, ಬ್ಯಾರಿಯೋ ಮರಾಠಿಯೋ ಆಗಿರಬಹುದು. ಆದರೆ ಅದೇ ಮನೆಗಳಲ್ಲಿ ಅನೇಕರಿಗೆ ಅಕ್ಷರಾಭ್ಯಾಸ, ಕಾಗದಪತ್ರ, ಯಕ್ಷಗಾನ ಪ್ರಸಂಗದ ಓದು ಎಲ್ಲ ಕನ್ನಡದಲ್ಲಿ. 1949ರಲ್ಲಿ ಮದ್ರಾಸ್ ಸರಕಾರದಿಂದ ‘ರಾಷ್ಟ್ರಕವಿ’ ಎನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಮಾತೃಭಾಷೆಯೊಂದನ್ನೇ ಎಣಿಸಿದರೆ ಅವರು ಕನ್ನಡದ ಸಾಲಿನಲ್ಲಿ ಬರುವುದಿಲ್ಲ. ಎಣಿಕೆ ಸುಳ್ಳೆಂದು ನಾವು ವಾದಿಸುತ್ತಿಲ್ಲ. ಅದು ಜನರ ಸಂಖ್ಯೆಯನ್ನು ಹೇಳುತ್ತದೆ, ಭಾಷೆಯ ಪ್ರಚಾರವನ್ನು ಹೇಳುವುದಿಲ್ಲ. ತುಳುವಿಗೆ ಅದರದೇ ಸಾಲು ದೊರೆತದ್ದೂ ನ್ಯಾಯವೇ.

ಉಪಾಧ್ಯಾಯರಾದ ನಾವು ಮರೆಯಬಾರದ ಸಂಗತಿ ಇನ್ನೊಂದಿದೆ. 1949ರಲ್ಲಿ ಸೇರಿದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಇದ್ದರೆ ಪ್ರಾಥಮಿಕ ಶಿಕ್ಷಣವನ್ನು ಅವರ ಮಾತೃಭಾಷೆಯಲ್ಲಿ ಕೊಡತಕ್ಕದ್ದೆಂದು ಒಪ್ಪಿತು. ಅಲ್ಲಿ ಮಾತೃಭಾಷೆಗೆ ಕೊಟ್ಟ ಲಕ್ಷಣ ಗಣತಿಯದಲ್ಲ: ತಂದೆತಾಯಿ ಅಥವಾ ಪೋಷಕರು ಯಾವುದನ್ನು ಮಾತೃಭಾಷೆಯೆಂದು ಹೇಳುವರೋ ಅದೇ ಮಾತೃಭಾಷೆ. ತುಳು ಮನೆಯ ತಂದೆ ಶಾಲೆಯ ಅರ್ಜಿಯಲ್ಲಿ ‘ಕನ್ನಡ’ ಎಂದು ಬರೆಸಿದರೆ, ಆ ಹತ್ತು ಮಕ್ಕಳ ಲೆಕ್ಕಕ್ಕೆ ಅವನ ಮಗುವೂ ಸೇರುತ್ತದೆ.